ಕೂಗುವ ನರಿ, ಕೂಗದ ನರಿ: ಭೂತನಾಳ ಕೆರೆಯ ಪ್ರಾಣಿಗೆ ಯಾವ ಪದ?

ಮಾನ್ಯರೇ,

ವಿಜಯಪುರದ ಭೂತನಾಳ ಕೆರೆಯ ಏರಿಯ ಮೇಲೆ ಎರಡು ವಾರಗಳಿಂದ ನಸುಕಿನಲ್ಲಿ ಕಾಣಿಸಿಕೊಳ್ಳುತ್ತಿರುವ ಒಂದು ಪ್ರಾಣಿಯನ್ನು ಕನ್ನಡದಲ್ಲಿ ಏನೆಂದು ಕರೆಯಬೇಕು ಎಂಬ ಪ್ರಶ್ನೆಯನ್ನು ತಮ್ಮ ಮುಂದಿಡುತ್ತಿದ್ದೇನೆ. ನಾನು ಊರಿನ ಒಂದು ಸಣ್ಣ ಮುದ್ರಣಾಲಯದಲ್ಲಿ ಕರಡು ತಿದ್ದುವ ಕೆಲಸದಲ್ಲಿದ್ದೇನೆ. ನಮ್ಮಲ್ಲಿ ಅಚ್ಚಾಗುವ ವಾರಪತ್ರಿಕೆಯೊಂದರ ಕೊನೆಯ ಪುಟಕ್ಕೆ ಆ ಪ್ರಾಣಿಯ ಚಿತ್ರ ಬಂದಿದೆ. ಅದರ ಕೆಳಗೆ ‘ನಗರಕ್ಕೆ ನುಗ್ಗಿದ ತೋಳ’ ಎಂಬ ಅಡಿಬರಹವಿತ್ತು. ಚಿತ್ರ ನೋಡಿದ ನನಗೆ ಅದು ತೋಳವೆನ್ನಿಸಲಿಲ್ಲ. ‘ನುಗ್ಗಿದ’ ಎಂಬ ಕ್ರಿಯಾಪದವಂತೂ ಒಂದು ಮನೆಬೆಕ್ಕಿಗಿಂತ ಹೆಚ್ಚು ತೂಗಲಾರದ ಆ ಜೀವಕ್ಕೆ ತೀರ ಭಾರವಾಗಿತ್ತು. ಕರಡಿನ ಅಂಚಿನಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ, ಮರುದಿನ ಬೆಳಗ್ಗೆ ಕೆರೆಯ ಕಡೆ ಹೋದೆ.

ಪ್ರಾಣಿ ಸಿಗಲಿಲ್ಲ, ಹೆಸರುಗಳು ಸಿಕ್ಕವು. ಚಿತ್ರ ತೆಗೆದ ಹಾಲಿನವನು ಅದನ್ನು ‘ತ್ವಾಳ’ ಎಂದನು. ಅಲ್ಲಿ ವಾಯುವಿಹಾರಕ್ಕೆ ಬರುವ ನಿವೃತ್ತ ಶಿಕ್ಷಕರೊಬ್ಬರು ‘ಗುಳ್ಳೆನರಿ’ ಎಂದು ತಿದ್ದಿದರು. ಮೊಬೈಲಿನಲ್ಲಿ ಅದೇ ಚಿತ್ರವನ್ನು ಹರಿಯಬಿಟ್ಟಿದ್ದ ಹುಡುಗರು ‘ಹೈನಾ’ ಎಂದು ಬರೆದುಕೊಂಡಿದ್ದರು. ಕೆರೆಯ ಬಳಿ ಚಹಾ ಮಾರುವವರ ಪ್ರಕಾರ ಅದು ಹುರುಕು ಹತ್ತಿ ಕೂದಲುದುರಿದ ಬೀದಿನಾಯಿ. ಇವರೆಲ್ಲರ ಮಾತನ್ನು ಕೇಳುತ್ತ ನಿಂತಿದ್ದ, ಕುರಿ ಮೇಯಿಸುವ ಹಿರಿಯರೊಬ್ಬರು ಚಿತ್ರವನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿ, “ನರಿ ಅಂದ್ರ ಎರಡ ಅದಾವ್ರಿ. ಒಂದು ಕೂಗೂ ನರಿ, ಒಂದು ಕೂಗಲಾರದ ನರಿ. ಇದು ಕೂಗಲಾರದ್ದು” ಎಂದರು. ಎರಡನೆಯದಕ್ಕೆ ಬೇರೆ ಹೆಸರಿಲ್ಲವೇ ಎಂದು ಕೇಳಿದಾಗ, “ಸಣ್ಣ ನರಿ ಅಂತೀವಿ, ಮತ್ತೇನ್ ಅನ್ನೂದು” ಎಂದು ನನ್ನನ್ನೇ ಕೇಳಿದರು. ಈ ಪತ್ರ ಹುಟ್ಟಿದ್ದು ಆ ಮರುಪ್ರಶ್ನೆಯಿಂದ.

ಪದಕ್ಕೆ ಹೋಗುವ ಮೊದಲು ಪ್ರಾಣಿ ಯಾವುದು ಎಂಬುದನ್ನು ನಾನು ಹೇಗೆ ನಿಶ್ಚಯಿಸಿಕೊಂಡೆ ಎಂದು ಹೇಳಬೇಕು. ಚಿತ್ರದಲ್ಲಿ ಅದು ಏರಿಯ ಅಂಚಿನ ಒಂದು ಗಡಿಕಲ್ಲಿಗೆ ಒತ್ತಿ ನಿಂತಿದೆ. ಆ ಕಲ್ಲನ್ನು ಅಡಿಪಟ್ಟಿಯಿಂದ ಅಳೆದೆ. 45 ಸೆಂಟಿಮೀಟರ್ ಎತ್ತರವಿದೆ. ಪ್ರಾಣಿಯ ಬೆನ್ನು ಕಲ್ಲಿನ ಅರ್ಧವನ್ನು ತುಸುವಷ್ಟೇ ದಾಟಿದೆ. ತೋಳವಾಗಿದ್ದರೆ ಅದರ ಹೆಗಲು ಕಲ್ಲಿನ ತಲೆಯನ್ನೂ ಮೀರಿ ನಿಲ್ಲಬೇಕಿತ್ತು, ಊಳಿಡುವ ದೊಡ್ಡ ನರಿ, ಅಂದರೆ ಇಂಗ್ಲಿಷಿನ ಜಾಕಲ್ ಆಗಿದ್ದರೂ ಕಲ್ಲಿನ ತುದಿಯ ಹತ್ತಿರಕ್ಕೆ ಬರಬೇಕಿತ್ತು. ಬಾಲ ಪೊದೆಯಂತಿದೆ, ತುದಿ ಕಪ್ಪಗಿದೆ, ಮೈಯ ಅರ್ಧಕ್ಕಿಂತ ಹೆಚ್ಚು ಉದ್ದವಿದೆ. ತುದಿ ಕಪ್ಪಗಿದೆ ಎಂಬುದೊಂದರಿಂದಲೇ ಏನೂ ತೀರ್ಮಾನವಾಗದು, ಏಕೆಂದರೆ ದೊಡ್ಡ ನರಿಯ ಬಾಲದ ತುದಿಯೂ ಕಪ್ಪೇ; ಆದರೆ ಅದರ ಬಾಲ ಮೈಯ ಮೂರನೆಯ ಒಂದು ಪಾಲಿನಷ್ಟು ಮಾತ್ರ ಇರುತ್ತದೆ. ಮೂತಿ ಚೂಪು, ಕಿವಿ ಮುಖಕ್ಕೆ ಹೋಲಿಸಿದರೆ ದೊಡ್ಡದು, ಕಾಲು ಕಡ್ಡಿಯಂತೆ ತೆಳ್ಳಗಿವೆ. ಕೂದಲು ಎಲ್ಲಿಯೂ ಉದುರಿಲ್ಲವಾದ್ದರಿಂದ ಹುರುಕಿನ ನಾಯಿ ಎಂಬ ಊಹೆ ಬಿದ್ದುಹೋಯಿತು. ಕಜ್ಜಿಯ ಹುಳು ಹತ್ತಿ ಕೂದಲು ಕಳೆದುಕೊಂಡ ನಾಯಿಯನ್ನು ವಿಚಿತ್ರ ಪ್ರಾಣಿಯೆಂದು ತಿಳಿದು ಊರೇ ಗಾಬರಿಯಾಗುವುದು ಅಪರೂಪವಲ್ಲ, ಆದ್ದರಿಂದ ಚಹಾದವರ ಊಹೆ ದಡ್ಡತನದ್ದೇನೂ ಆಗಿರಲಿಲ್ಲ. ಇವೆಲ್ಲವನ್ನೂ ಕೂಡಿಸಿದರೆ, ಬಯಲುಸೀಮೆಯ ಬೋಳು ನೆಲದಲ್ಲಿ ಬಿಲ ತೋಡಿಕೊಂಡು ಇಲಿ, ಮಿಡತೆ, ಬಾರಿಹಣ್ಣು ತಿಂದು ಬದುಕುವ, ಎರಡು ಮೂರು ಕಿಲೋ ತೂಗುವ, ಇಂಗ್ಲಿಷಿನಲ್ಲಿ ಇಂಡಿಯನ್ ಫಾಕ್ಸ್ ಎನ್ನುವ ಆ ಸಣ್ಣ ನರಿಯೇ ಇದು ಎಂದು ನನಗೆ ಖಚಿತವಾಗಿದೆ.

ಹಾಗಾದರೆ ‘ತೋಳ’ ಎಂಬುದನ್ನು ಹೊಡೆದುಹಾಕಲು ಅಡ್ಡಿಯಿಲ್ಲ. ಆದರೂ ಈ ಪದದ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ನಮ್ಮ ಭಾಗದ ಆಡುಮಾತಿನಲ್ಲಿ ಓಕಾರದ ಮುಂದಿನ ಅಕ್ಷರದಲ್ಲಿ ಅ, ಆ, ಎ ಸ್ವರಗಳಿದ್ದರೆ ಓಕಾರವು ಬಾಯಿ ತೆರೆದು ‘ವಾ’ ಆಗುತ್ತದೆ, ಇ ಅಥವಾ ಉ ಇದ್ದರೆ ಹಾಗೆಯೇ ಉಳಿಯುತ್ತದೆ: ಕೋಣ ಕ್ವಾಣವಾಗುತ್ತದೆ, ತೋಟ ತ್ವಾಟವಾಗುತ್ತದೆ, ಆದರೆ ಕೋಳಿ ಕೋಳಿಯಾಗಿಯೂ ಕೋಲು ಕೋಲಾಗಿಯೂ ಇರುತ್ತವೆ. ಇದರಿಂದ ಕಾಡಿನ ತ್ವಾಳಕ್ಕೂ ಮೈಯ ತೋಳಿಗೂ ಗ್ರಂಥಭಾಷೆಯಲ್ಲಿರುವುದಕ್ಕಿಂತ ಹೆಚ್ಚಿನ ಅಂತರ ನಮ್ಮ ನಾಲಿಗೆಯ ಮೇಲೆ ಏರ್ಪಟ್ಟಿದೆ. ‘ತ್ವಾಳ’ ಅಶುದ್ಧವೆಂದು ತಿದ್ದುವವರು ಈ ನಿಯಮವನ್ನು ಗಮನಿಸಬೇಕೆಂದು ನನ್ನ ವಿನಂತಿ. ಅರ್ಥದ ಮಟ್ಟಿಗೆ ಈ ಪದ ಗಟ್ಟಿಯಾಗಿದೆ. ತೆಲುಗಿನ ‘ತೋಡೇಲು’ ಇದರ ಒಡಹುಟ್ಟಿದ್ದು. ಕುರಿಹಟ್ಟಿಯಲ್ಲಿ ಬೆಳೆದ ಯಾರೂ ಇದನ್ನು ಬೇರೆ ಪ್ರಾಣಿಗೆ ಹೇಳುವುದಿಲ್ಲ. 1974ರಲ್ಲಿ ತೋಳಗಳಿಗಾಗಿಯೇ ಘೋಷಣೆಯಾದ ಮೇಲುಕೋಟೆಯ ಅಭಯಾರಣ್ಯದ ವಿಷಯ ಬರೆಯುವಾಗಲೂ, ಕೊಪ್ಪಳ ಜಿಲ್ಲೆಯ ಬಂಕಾಪುರದ ತೋಳಧಾಮದ ಸುದ್ದಿ ಬರೆಯುವಾಗಲೂ ಪತ್ರಿಕೆಗಳು ಎಡವಿಲ್ಲ. ಎಡವುವುದು ಊರೊಳಗೆ, ಹೆದರಿಕೆಯಲ್ಲಿ, ಮಬ್ಬುಗತ್ತಲಲ್ಲಿ.

ಹೈನಾ ಎಂಬುದನ್ನು ಎರಡೇ ಮಾತಿನಲ್ಲಿ ಮುಗಿಸಬಹುದು. ಕತ್ತೆಕಿರುಬವು ನಾಯಿಯ ಕುಲಕ್ಕೆ ಸೇರಿದ್ದೇ ಅಲ್ಲ, ಅದರ ಮುಂಗಾಲಿನ ಕಡೆ ಎತ್ತರ, ಹಿಂಭಾಗ ಇಳಿಜಾರು, ಮೈಮೇಲೆ ಪಟ್ಟೆ. ಸೀಳುನಾಯಿಯ ಹೆಸರನ್ನೂ ಒಬ್ಬರು ತಂದರು. ಅದನ್ನು ನೋಡಬೇಕಾದರೆ ಬೆಳಗಾವಿ ಜಿಲ್ಲೆಯ ಖಾನಾಪುರದಾಚೆಯ ಭೀಮಗಡದ ಕಾಡಿಗೆ ಹೋಗಬೇಕು, ಭೂತನಾಳಕ್ಕಲ್ಲ.

ನಿಜವಾದ ತೊಡಕು ಇರುವುದು ‘ನರಿ’ಯಲ್ಲಿ. ಈ ಪದ ದ್ರಾವಿಡ ಭಾಷೆಗಳಲ್ಲಿ ಒಂದೇ ಕಡೆ ನಿಂತಿಲ್ಲ. ಕನ್ನಡ, ತಮಿಳು, ತುಳುಗಳಲ್ಲಿ ನರಿ ನರಿಯೇ. ಮಲಯಾಳದಲ್ಲಿ ಅದಕ್ಕೆ ಹುಲಿ ಎಂಬ ಅರ್ಥವೂ ಇದ್ದು, ನಮ್ಮ ನರಿಯನ್ನು ಅವರು ‘ಕುರುನರಿ’ ಎನ್ನುತ್ತಾರೆ. ಕೊಡವ ಭಾಷೆಯಲ್ಲಿ ನರಿ ಎಂದರೆ ಹುಲಿ, ಹುಲಿಯನ್ನು ಕೊಂದ ಬೇಟೆಗಾರನಿಗೆ ಮದುವೆಯ ರೀತಿಯಲ್ಲಿ ಮಾಡುತ್ತಿದ್ದ ಗೌರವಕ್ಕೆ ಅಲ್ಲಿ ‘ನರಿ ಮಂಗಲ’ ಎಂದೇ ಹೆಸರು. ಮಡಿಕೇರಿಯ ಗೆಳೆಯನಿಗೆ ‘ಕೆರೆಯ ಮೇಲೆ ನರಿ ಬಂದಿದೆ’ ಎಂದು ಸುದ್ದಿ ಕಳುಹಿಸುವವರು ಸ್ವಲ್ಪ ಯೋಚಿಸುವುದು ಒಳ್ಳೆಯದು.

ಕನ್ನಡದೊಳಗೆ ಬೇರೊಂದು ಗೊಂದಲ ಆಗಿದೆ. ದುರ್ಗಸಿಂಹನ ಪಂಚತಂತ್ರದ ಕರಟಕ ದಮನಕರು ಊಳಿಡುವ ದೊಡ್ಡ ನರಿಗಳು. ಸಂಸ್ಕೃತದ ಶೃಗಾಲ, ಜಂಬುಕಗಳಿಗೆ ನಾವು ನರಿ ಎನ್ನುತ್ತ ಬಂದದ್ದು ಸರಿಯಾಗಿಯೇ ಇತ್ತು. ಆಮೇಲೆ ಶಾಲೆಯ ಪುಸ್ತಕಗಳಲ್ಲಿ ಈಸೋಪನ ದ್ರಾಕ್ಷಿಯ ಕಥೆ ಬಂತು. ಆ ಕಥೆಯ ಪ್ರಾಣಿ ಬೇರೆ, ನಮ್ಮ ಸಣ್ಣ ನರಿಯ ಹತ್ತಿರದ ನೆಂಟ. ಅದಕ್ಕೂ ‘ನರಿ’ ಎಂಬ ಹೆಸರನ್ನೇ ಕೊಟ್ಟೆವು. ಹೀಗೆ ಕಥೆಯ ಪ್ರಾಣಿ ‘ನರಿ’ಯ ಜಾಗದಲ್ಲಿ ಕುಳಿತ ಮೇಲೆ, ಮೊದಲೇ ಅಲ್ಲಿದ್ದ ಊಳಿಡುವ ಪ್ರಾಣಿಗೆ ಕೆಲವರು ‘ಗುಳ್ಳೆನರಿ’ ಎಂಬ ಹೆಸರನ್ನು ಹಚ್ಚಿದರು, ಇನ್ನು ಕೆಲವರು ಅದೇ ಪದವನ್ನು ಸಣ್ಣದಕ್ಕೆ ಇಟ್ಟುಕೊಂಡರು. ನನ್ನ ಕೈಯಲ್ಲಿ ಹಾದುಹೋಗುವ ಕರಡುಗಳಲ್ಲಿ ಗುಳ್ಳೆನರಿ ಎರಡೂ ಅರ್ಥದಲ್ಲಿ ಬರುತ್ತದೆ, ಒಮ್ಮೆ ಒಂದೇ ಲೇಖನದಲ್ಲಿ ಎರಡೂ ಅರ್ಥದಲ್ಲಿ ಬಂದದ್ದನ್ನು ಕಂಡಿದ್ದೇನೆ. ಇತ್ತ ನಮ್ಮ ತಿಕೋಟಾ ಭಾಗದ ದ್ರಾಕ್ಷಿ ಬೆಳೆಗಾರರಿಗೆ ಈಸೋಪನ ಕಥೆಯಲ್ಲಿ ಹೊಸದೇನೂ ಇಲ್ಲ. ಅವರ ದೂರು ಹಣ್ಣು ಎಟುಕದ ನರಿಯ ಮೇಲಲ್ಲ, ಎಟುಕಿದ್ದರ ಮೇಲೆ.

‘ಗುಳ್ಳೆ’ ಎಂಬ ಮೊದಲ ಭಾಗವೇ ಏನೆಂದು ವಿದ್ವಾಂಸರು ತಿಳಿಸಬೇಕು. ನೀರಿನ ಗುಳ್ಳೆಗೂ ಮೈಮೇಲಿನ ಗುಳ್ಳೆಗೂ ಈ ಪ್ರಾಣಿಗೂ ಸಂಬಂಧ ಕಾಣುವುದಿಲ್ಲ. ತೆಲುಗಿನಲ್ಲಿ ದೊಡ್ಡದು ‘ನಕ್ಕ’, ಸಣ್ಣದು ‘ಗುಂಟನಕ್ಕ’. ಅಲ್ಲಿ ‘ಗುಂಟ’ ಎಂದರೆ ಕುಣಿ, ತಗ್ಗು. ಬಯಲಿನಲ್ಲಿ ಬಿಲ ತೋಡಿ ವಾಸಿಸುವ ಸಣ್ಣ ನರಿಗೆ ಅದು ಒಪ್ಪುವ ಹೆಸರು. ಕನ್ನಡದ ಗುಳ್ಳೆಯೂ ‘ಗುಳಿ’ಗೆ ಸಂಬಂಧಿಸಿದ್ದಿರಬಹುದೇ ಎಂಬುದು ನನ್ನ ಊಹೆ ಮಾತ್ರ. ಅದು ನಿಜವಾದರೆ ಗುಳ್ಳೆನರಿ ಮೂಲತಃ ಸಣ್ಣದರ ಹೆಸರೇ ಆಗಿತ್ತೆಂದೂ, ನಿವೃತ್ತ ಶಿಕ್ಷಕರು ಹೇಳಿದ್ದೇ ಸರಿಯೆಂದೂ ಆಗುತ್ತದೆ.

ಗಡಿಯಾಚೆಯ ಮರಾಠಿ ಈ ವಿಷಯದಲ್ಲಿ ನಮಗಿಂತ ಅಚ್ಚುಕಟ್ಟು. ಲಾಂಡಗಾ ಎಂದರೆ ತೋಳ, ಕೋಲ್ಹಾ ಎಂದರೆ ಊಳಿಡುವ ನರಿ, ಖೋಕಡ ಎಂದರೆ ಸಣ್ಣ ನರಿ, ತರಸ ಎಂದರೆ ಕತ್ತೆಕಿರುಬ. ನಾಲ್ಕು ಪ್ರಾಣಿಗೆ ನಾಲ್ಕು ಪದ. ದಖ್ಖನಿನ ಪ್ರಾಣಿಗಳನ್ನು 1831ರಲ್ಲಿ ವಿವರಿಸಿದ ಕರ್ನಲ್ ಸೈಕ್ಸ್ ಈ ಸಣ್ಣ ನರಿಗೆ ಕೊಟ್ಟ ಶಾಸ್ತ್ರೀಯ ಹೆಸರಿನಲ್ಲಿ ಮರಾಠಿಯ ‘ಕೊಕ್ರಿ’ಯನ್ನೇ ಸೇರಿಸಿದನು, ದಖ್ಖನಿನ ತೋಳಕ್ಕೆ ಇಂದಿಗೂ ಬಳಕೆಯಲ್ಲಿರುವ ‘ಪಾಲಿಪೆಸ್’ ಎಂಬ ಹೆಸರನ್ನಿಟ್ಟವನೂ ಅವನೇ. ಮುಂದೆ 1867ರಲ್ಲಿ ಪ್ರಾಣಿಶಾಸ್ತ್ರಜ್ಞ ಜರ್ಡನ್ ಭಾರತದ ಸಸ್ತನಿಗಳ ಬಗೆಗಿನ ತನ್ನ ಪುಸ್ತಕದಲ್ಲಿ ಸಣ್ಣ ನರಿಗೆ ಕನ್ನಡದ ಮೂರು ಹೆಸರುಗಳನ್ನು ದಾಖಲಿಸಿದ್ದಾನೆ: ಕೊಂಕ್, ಕೆಂಪುನರಿ, ಚಂದಕನರಿ. ರೋಮನ್ ಲಿಪಿಯಲ್ಲಿರುವುದರಿಂದ ಮೊದಲನೆಯದು ಕೊಂಕವೋ ಕೋಂಕವೋ, ಕೊನೆಯದರ ‘ಚಂದಕ’ದ ಉಚ್ಚಾರಣೆ ಹೇಗೋ ಎಂಬುದು ಅಕ್ಷರದಿಂದ ತಿಳಿಯುವುದಿಲ್ಲ. ಆದರೆ ನೂರೈವತ್ತು ವರ್ಷಗಳ ಹಿಂದೆ ಕನ್ನಡದಲ್ಲಿ ಈ ಪ್ರಾಣಿಗೆ ನರಿಯಿಂದ ಬೇರೆಯಾದ ಒಂಟಿ ಪದವೊಂದಿತ್ತು ಎಂಬುದು ಇದರಿಂದ ಸ್ಪಷ್ಟವಾಗಿದೆ. ಆ ಕೊಂಕ ಮರಾಠಿಯ ಕೊಕ್ರಿಯ ನೆಂಟನೇ, ಅಥವಾ ಬಾಗು ಡೊಂಕು ಎಂಬ ಅರ್ಥದ ನಮ್ಮದೇ ‘ಕೊಂಕು’ವಿನಿಂದ ಬಂದದ್ದೇ ಎಂಬುದು ಬಲ್ಲವರ ವಿಚಾರಕ್ಕೆ ಬಿಟ್ಟದ್ದು. ಬೆನ್ನಟ್ಟಿದ ನಾಯಿಗೆ ಸಿಗದಂತೆ ಓಡುತ್ತಲೇ ಥಟ್ಟನೆ ಅತ್ತಿತ್ತ ಹೊರಳುವುದು ಈ ಪ್ರಾಣಿಯ ಗುಣವಾದ್ದರಿಂದ ಎರಡನೆಯ ಊಹೆಗೆ ನನ್ನ ಮನಸ್ಸು ವಾಲುತ್ತದೆ, ಆದರೆ ಇಂಥ ಸುಲಭದ ವ್ಯುತ್ಪತ್ತಿಗಳೇ ಹೆಚ್ಚು ಮೋಸ ಮಾಡುತ್ತವೆ ಎಂಬ ಎಚ್ಚರವೂ ನನಗಿದೆ.

ಇದರ ಜೊತೆಗೆ ಇನ್ನೊಂದು ಪದದ ಸಮಸ್ಯೆ ಅಂಟಿಕೊಂಡಿದೆ. ಸುದ್ದಿಯ ಒಳಭಾಗದಲ್ಲಿ ವರದಿಗಾರರು ‘ಬಿಡಾಡಿ ಪ್ರಾಣಿ’ ಎಂದು ಬರೆದಿದ್ದಾರೆ. ನಮ್ಮಲ್ಲಿ ಬಿಡಾಡಿ ಎಂಬುದು ದನಕ್ಕೆ ಹೇಳುವ ಮಾತು. ಒಡೆಯನಿದ್ದೂ ಕಟ್ಟಿಲ್ಲದೆ ತಿರುಗುವ ದನ ಬಿಡಾಡಿ ದನ. ಒಡೆಯನೇ ಇಲ್ಲದ, ಆದರೆ ಒಂದು ಓಣಿಯನ್ನು ತನ್ನದೆಂದುಕೊಂಡ ನಾಯಿ ಬೀದಿನಾಯಿ, ಅದನ್ನೇ ಬಯ್ಯುವಾಗ ಕಂತ್ರಿನಾಯಿ. ಮುಧೋಳದ ಬೇಟೆನಾಯಿಯೊಂದು ತಪ್ಪಿಸಿಕೊಂಡು ಊರು ಸೇರಿದರೆ ಅದನ್ನು ಬಿಡಾಡಿ ಎನ್ನಬಹುದೇನೋ. ಎಂದೂ ಯಾರಿಗೂ ಸೇರಿರದ, ತನ್ನ ಬಯಲು ನಿವೇಶನಗಳಾಗುತ್ತ ಬಂದದ್ದರಿಂದ ಕೆರೆಯ ಏರಿಗೆ ಬಂದು ನಿಂತ ಕಾಡುಜೀವವನ್ನು ಬಿಡಾಡಿ ಎನ್ನುವುದು ನನಗೆ ಒಪ್ಪಿಗೆಯಾಗುವುದಿಲ್ಲ. ಪದಕ್ಕೆ ಇಲ್ಲಿ ವ್ಯವಹಾರದ ತೂಕವೂ ಇದೆ: ಬೀದಿನಾಯಿ ಎಂದು ಅಚ್ಚಾದರೆ ಓದುಗರು ಪಾಲಿಕೆಗೆ ಫೋನ್ ಮಾಡುತ್ತಾರೆ, ನರಿ ಎಂದರೆ ಅರಣ್ಯ ಇಲಾಖೆಗೆ, ತೋಳ ಎಂದರೆ ಕೈಗೆ ಕಲ್ಲು ತೆಗೆದುಕೊಳ್ಳುತ್ತಾರೆ. ‘ತೋಳ ಹಳ್ಳಕ್ಕೆ ಬಿದ್ದರೆ ಆಳಿಗೊಂದು ಕಲ್ಲು’ ಎಂಬ ಗಾದೆ ನಮ್ಮ ಕಡೆ ಬರಿಯ ಗಾದೆಯಾಗಿ ಉಳಿದಿಲ್ಲ.

ಆದ್ದರಿಂದ ತಮ್ಮಲ್ಲಿ ಕೇಳಿಕೊಳ್ಳುವುದಿಷ್ಟು. ಬಾಗಲಕೋಟೆ, ಬೆಳಗಾವಿ, ವಿಜಯಪುರ ಜಿಲ್ಲೆಗಳ ಹಳ್ಳಿಗಳಲ್ಲಿ, ಅದರಲ್ಲೂ ಕುರಿಹಟ್ಟಿಯವರ ಮತ್ತು ಬೇಟೆ ಬಲ್ಲ ಹಿರಿಯರ ಬಾಯಲ್ಲಿ, ಕೊಂಕ ಅಥವಾ ಕೋಂಕ ಎಂಬ ಪದವನ್ನು ಯಾರಾದರೂ ಕೇಳಿದ್ದೀರಾ, ಕೇಳಿದ್ದರೆ ಯಾವ ಪ್ರಾಣಿಗೆ, ಮತ್ತು ಬಹುವಚನದಲ್ಲಿ ಅದು ಹೇಗೆ ನಡೆಯುತ್ತದೆ? ಚಂದಕನರಿಯನ್ನು ಕೇಳಿದವರು ಅದರ ಚಕಾರವನ್ನು ಹೇಗೆ ಉಚ್ಚರಿಸುತ್ತಿದ್ದರೆಂದು ತಿಳಿಸಿದರೆ ಉಪಕಾರವಾಗುತ್ತದೆ. ತಮ್ಮ ಊರಿನಲ್ಲಿ ಗುಳ್ಳೆನರಿ ಕೂಗುತ್ತದೆಯೋ ಇಲ್ಲವೋ ಎಂಬ ಒಂದೇ ಪ್ರಶ್ನೆಗೆ ಉತ್ತರ ಬಂದರೂ ನನಗೆ ಸಾಕು, ಏಕೆಂದರೆ ಕುರಿಯ ಹಿರಿಯರು ಕೊಟ್ಟ ಆ ಅಳತೆಗೋಲಿಗಿಂತ ಸರಳವಾದದ್ದು ನನಗೆ ಇದುವರೆಗೆ ಸಿಕ್ಕಿಲ್ಲ. ಸಣ್ಣ ನರಿಯೂ ಪೂರ್ತಿ ಮೂಕವಲ್ಲ, ಅದಕ್ಕೂ ಕಚಪಚನೆಯ ಒಂದು ಚಿಕ್ಕ ಕೂಗಿದೆ. ಆದರೆ ಸಂಜೆ ಒಂದು ಶುರುಮಾಡಿದರೆ ಹೊಲದಾಚೆಯಿಂದ ಉಳಿದವೆಲ್ಲ ದನಿಗೂಡಿಸುವ ಆ ಊಳು ಅದರದ್ದಲ್ಲ.

ಪುಟವು ಗುರುವಾರ ಸಂಜೆ ಅಚ್ಚಿಗೆ ಹೋಗುತ್ತದೆ. ‘ನುಗ್ಗಿದ’ ಎಂಬುದನ್ನು ‘ಬಂದ’ ಎಂದು ತಿದ್ದಿದ್ದೇನೆ, ‘ತೋಳ’ವನ್ನು ಹೊಡೆದುಹಾಕಿದ್ದೇನೆ, ಅದರ ಜಾಗದಲ್ಲಿ ನಾಲ್ಕು ಅಕ್ಷರಗಳಷ್ಟು ಸ್ಥಳ ಖಾಲಿ ಇದೆ.