ಹೇರ್ ಸೀರಮ್‌ನಿಂದ ಡಿ5 ತೆಗೆದರೆ ಆ ಜಾಗಕ್ಕೆ ಏನು ಹಾಕೋದು?

ಹೆಬ್ಬಾಳ್ ಫಾರ್ಮುಲಾ: ಈಗಿನ ಸೀರಮ್‌ನಲ್ಲಿ ಡಿ5, ಅಂದರೆ ಸೈಕ್ಲೋಪೆಂಟಾಸಿಲಾಕ್ಸೇನ್ ಅನ್ನೋ ಆರಿಹೋಗುವ ಸಿಲಿಕೋನ್ ದ್ರವ, ಶೇ. 79. ಡೈಮೆಥಿಕೋನಾಲ್ ಗಮ್ ಬ್ಲೆಂಡ್ (ತೆಳು ದ್ರವದಲ್ಲಿ ಕರಗಿಸಿದ ಗಟ್ಟಿ ಸಿಲಿಕೋನ್) ಶೇ. 20, ಸುವಾಸನೆ ಶೇ. 1. ಯುರೋಪಿನ ಗಿರಾಕಿ ಡಿ5 ಬೇಡ ಅಂತಿದ್ದಾರೆ. ಅಷ್ಟೇ ಐಸೋಡೋಡೆಕೇನ್, ಅಂದರೆ ಬೇಗ ಆರುವ ಹೈಡ್ರೋಕಾರ್ಬನ್ ದ್ರವ, ಹಾಕಿಬಿಟ್ಟರೆ ಮುಗೀತಲ್ವಾ?

ಮೇಟಗಳ್ಳಿ ಲ್ಯಾಬ್: ಮುಗಿಯಲ್ಲ ಸಾರ್, ಮೊದಲು ಗಮ್ ನೋಡಿ. ಎಷ್ಟೋ ಬ್ಲೆಂಡ್‌ಗಳಲ್ಲಿ ಗಮ್ ಕರಗಿರೋದೇ ಡಿ5ನಲ್ಲಿ! ಅಲ್ಲಿ ತೆಗೆದದ್ದು ಇಲ್ಲಿ ಮತ್ತೆ ಬರುತ್ತೆ. ತೊಳೆದುಹೋಗುವ ಶಾಂಪೂ, ಕಂಡಿಷನರ್‌ಗೆ ಯುರೋಪಿನಲ್ಲಿ ಡಿ5 ಮತ್ತು ಅದೇ ಜಾತಿಯ ಡಿ4 ಮಿತಿ ಶೇ. 0.1 ಅಂತ 2020ರ ಜನವರಿ 31ರಿಂದಲೇ ಇದೆ. ಸೀರಮ್‌ನಂಥ ಹಚ್ಚಿ ಬಿಡುವ ಮಾಲಿಗೆ 2027ರ ಜೂನ್ 6ರ ನಂತರ ಡಿ4, ಡಿ5, ಡಿ6 ಮೂರಕ್ಕೂ ಅದೇ ಮಿತಿ. ಬ್ಲೆಂಡ್‌ನಲ್ಲಿ ಡಿ5 ಬರೀ ಶೇ. 1 ಉಳಿದಿದ್ದರೂ, ಶೇ. 20 ಹಾಕಿದಾಗ ಸೀರಮ್‌ನಲ್ಲಿ ಶೇ. 0.2 ಆಗುತ್ತೆ. ಐಸೋಡೋಡೆಕೇನ್‌ನಲ್ಲಿ ಕರಗಿಸಿದ ಗಮ್ ಕೇಳಿ, ಡಿ5 ಎಷ್ಟು ಉಳಿದಿದೆ ಅಂತ ತೋರಿಸುವ ಬ್ಯಾಚ್‌ವಾರು ಜಿಸಿ (ಗ್ಯಾಸ್ ಕ್ರೊಮ್ಯಾಟೋಗ್ರಫಿ) ವರದಿ ಇಲ್ಲದೆ ಡ್ರಮ್ ಇಳಿಸಿಕೊಳ್ಳಬೇಡಿ.

ಶ್ರೀರಂಗಪಟ್ಟಣದವಳು: ಅಷ್ಟೆಲ್ಲ ಯಾಕೆ? ಗಮ್ಮೇ ಬಿಟ್ಟುಬಿಡಿ. ಅಂಡೆಕೇನ್-ಟ್ರೈಡೆಕೇನ್ ಮಿಶ್ರಣ ಶೇ. 60, ಕೊಕೊ ಕ್ಯಾಪ್ರಿಲೇಟ್ ಶೇ. 27, ಹೈಡ್ರೋಜನೇಟೆಡ್ ಪಾಲಿಐಸೋಬ್ಯುಟೀನ್ ಶೇ. 12, ಸುವಾಸನೆ ಶೇ. 1. ಇಲ್ಲಿಂದ ಶುರುಮಾಡಿ. ಹೊಳಪು ಪಾಲಿಐಸೋಬ್ಯುಟೀನ್‌ನಿಂದ, ಜಾರಿಕೆ ಕೊಕೊ ಕ್ಯಾಪ್ರಿಲೇಟ್ ಅನ್ನೋ ಎಸ್ಟರ್‌ನಿಂದ.

ಮೇಟಗಳ್ಳಿ ಲ್ಯಾಬ್: ಮೇಡಂ, ಪಾಲಿಐಸೋಬ್ಯುಟೀನ್ ಒಂದೆರಡು ಭಾಗ ಹೆಚ್ಚಾದರೆ ಕೂದಲು ಅಂಟು ಅಂಟು, ಬಸ್ಸಲ್ಲಿ ಓಡಾಡೋರ ತಲೆ ಸಂಜೆಗೆ ಧೂಳುಮಯ. ಒದ್ದೆ ಕೂದಲಲ್ಲಿ ಬಾಚಣಿಗೆ ಎಳೆದರೆ ಗಮ್ಮಿನ ಜಾರಿಕೆ ಸಿಗಲ್ಲ. ಗಿರಾಕಿ ಬೇಡ ಅಂದಿರೋದು ಡಿ5, ಇಡೀ ಸಿಲಿಕೋನ್ ಕುಲವನ್ನಲ್ಲ.

ಶ್ರೀರಂಗಪಟ್ಟಣದವಳು: ಒಪ್ಪಿದೆ, ಲೇಬಲ್ ಮೇಲೆ 'ಸಿಲಿಕೋನ್ ರಹಿತ' ಬೇಕಿಲ್ಲ ಅಂದರೆ ಗಮ್ ಇಟ್ಟುಕೊಳ್ಳಿ. ಆದರೆ ಗಮ್ಮಿನ ಜೊತೆ ನನ್ನ ಎಸ್ಟರ್ ಬೆರೆಸಬೇಡಿ, ಮಬ್ಬಾಗಿ ತಳಕ್ಕೆ ಇಳಿಯುತ್ತೆ. ಆಗ ಐಸೋಡೋಡೆಕೇನೇ ಸರಿ.

ಸೇಫ್ಟಿ ಶಿವು: ಹಾಗಾದರೆ ಫಿಲ್ಲಿಂಗ್ ಹಾಲ್ ನೋಡಿ ಸ್ವಾಮಿ. ಡಿ5 ಫ್ಲ್ಯಾಶ್ ಪಾಯಿಂಟ್, ಅಂದರೆ ಆವಿಗೆ ಕಿಡಿ ತಗುಲಿದರೆ ಹೊತ್ತಿಕೊಳ್ಳುವ ಉಷ್ಣತೆ, 70 ಡಿಗ್ರಿ ದಾಟಿದೆ, ಐಸೋಡೋಡೆಕೇನ್‌ದು 45ರ ಆಸುಪಾಸು. ಮೋಟಾರ್ ಫ್ಲೇಮ್‌ಪ್ರೂಫ್ ಆಗಬೇಕು, ಡ್ರಮ್‌ಗೂ ಟ್ಯಾಂಕ್‌ಗೂ ಅರ್ಥಿಂಗ್ ಬೇಕು. ಡಿ5ಗಿಂತ ಬೇಗ ಆರುವುದರಿಂದ ತೆರೆದ ಟ್ಯಾಂಕ್‌ನಲ್ಲಿ ಕಲಕಿದರೆ ತೂಕ ಇಳಿದು ಗಮ್ಮಿನ ಪ್ರಮಾಣ ಏರುತ್ತೆ. ಕೊನೆಯ ಬಾಟಲಿಗಳು ಮೊದಲಿನವಕ್ಕಿಂತ ಮಂದ.

ಮಂಡ್ಯ ಮೊಲಾಸಿಸ್: ಡಿಸ್ಟಿಲರಿ ನೊರೆನಾಶಕದಲ್ಲಿ ಸಿಲಿಕೋನ್ ಬೇಡ ಅನ್ನೋದಕ್ಕೂ ಇದೇ ಕಾರಣವಾ?

ಮೇಟಗಳ್ಳಿ ಲ್ಯಾಬ್: ಅಲ್ಲ, ಅಲ್ಲಿ ಸಿಲಿಕೋನ್ ಬೇಡ ಅನ್ನೋದು ಮುಂದೆ ಸೋಸುವ ಮೆಂಬ್ರೇನ್ ಕಟ್ಟಿಕೊಳ್ಳುತ್ತೆ ಅಂತ. ಸಿಲಿಕೋನ್ ಇಲ್ಲದ ಇಒ-ಪಿಒ (ಎಥಿಲೀನ್ ಆಕ್ಸೈಡ್-ಪ್ರೊಪಿಲೀನ್ ಆಕ್ಸೈಡ್) ಪಾಲಿಮರ್ ನೋಡಿ. ಆದರೆ ಅದು ಕ್ಲೌಡ್ ಪಾಯಿಂಟ್, ಅಂದರೆ ನೀರಿನಲ್ಲಿ ಕರಗದೆ ಮಬ್ಬಾಗುವ ಉಷ್ಣತೆ, ದಾಟಿದ ಮೇಲೇ ನೊರೆ ಒಡೆಯೋದು. ಹುದುಗುವ ತೊಟ್ಟಿ 32 ಡಿಗ್ರಿಯಲ್ಲಿದ್ದರೆ ಕ್ಲೌಡ್ ಪಾಯಿಂಟ್ 20-25ರದ್ದು ಆರಿಸಿ. ಸಿಲಿಕೋನ್‌ಗಿಂತ ಜಾಸ್ತಿ ಬೇಕಾಗುತ್ತೆ, ಖರ್ಚನ್ನು ಲೀಟರ್ ದರದಲ್ಲಿ ಅಳೆಯಬೇಡಿ. ಆಲೆಮನೆ ಕೊಪ್ಪರಿಗೆಗೆ ಬಿಡುವ ಹರಳೆಣ್ಣೆಯೂ ನೊರೆನಾಶಕವೇ, ಅಲ್ಲಿ ಮೆಂಬ್ರೇನ್ ಇಲ್ಲ ಅಷ್ಟೇ.

ಹೆಬ್ಬಾಳ್ ಫಾರ್ಮುಲಾ: ಸರಿ, ಗಮ್ ಇರಲಿ, ಐಸೋಡೋಡೆಕೇನ್‌ನಲ್ಲಿ ಮಾಡ್ತೀನಿ. ಬಾಟಲಿ ಹಳೇದೇ, ರಬ್ಬರ್ ಡ್ರಾಪರ್ ಇರೋದು.

ಸೇಫ್ಟಿ ಶಿವು: ರಬ್ಬರ್ ಉಬ್ಬುತ್ತೆ. ಪೆಟ್ ಬಾಟಲಿಗೆ ಪಂಪ್ ಹಾಕಿ. ಪಂಪ್ ಒಳಗಿನ ವಾಷರ್‌ಗಳನ್ನೂ ಬಿಚ್ಚಿ ಇದೇ ದ್ರವದಲ್ಲಿ ಮುಳುಗಿಸಿ 45 ಡಿಗ್ರಿಯಲ್ಲಿ ನಾಲ್ಕು ವಾರ ಇಟ್ಟು, ತೂಕ ನೋಡಿದ ಮೇಲೇ ಆರ್ಡರ್ ಕೊಡಿ.