ರವಿವಾರ ರೊಟ್ಟಿ ಬಡಿಬಾರದು

ಮಾತು ಶುರುವಾಗಿದ್ದು ಗುರ್ಯಾನ ಬ್ಯಾಗಿನಿಂದ. ಬರೋ ತಿಂಗಳ ಅಂವ ಜರ್ಮನಿಗೆ ಹೊಂಟಾನ. ವಿಮಾನದವರು ಬಿಟ್ಟಿದ್ದು 23 ಕಿಲೋ. ಅವರವ್ವ ಕಟ್ಟಿಟ್ಟಿದ್ದು ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಅಗಸಿ ಚಟ್ನಿ, ನೂರು ಕಟಕ ರೊಟ್ಟಿ, ಮ್ಯಾಲೊಂದು ಕಬ್ಬಿಣದ ಹಂಚು. ಧಾರವಾಡದ ಸಾಧನಕೇರಿ ಕಡೆ ಗಿರಮಿಟ್ ಅಂಗಡ್ಯಾಗ ನಾವು ನಾಕು ಮಂದಿ ಇದರ ಪಂಚಾಯ್ತಿಗೆ ಕುಂತಿದ್ವಿ.

"ಪೇಢೆ?" ಅಂತ ನಾ ಕೇಳಿದೆ.

"ಎರಡು ಕಿಲೋ. ಲೈನ್ ಬಜಾರದಾಗ ಪಾಳಿ ಹಚ್ಚಿ ತರ್ತೀನಿ."

"ಹೊರಗಿಂದ ಹಾಲಿನ ಪದಾರ್ಥ ಅಲ್ಲೆ ಒಯ್ಯೋ ಹಂಗಿಲ್ಲಲೇ," ಅಂದ ಬಸ್ಯಾ. ಮೂರು ವರ್ಷದಿಂದ ಮ್ಯೂನಿಕ್‌ನಾಗ ಅದಾನ, ರಜೆಗೆ ಬಂದಾನ. ಹಿಂಗಾಗಿ ಈ ಪಂಚಾಯ್ತಿಗೆ ಅಂವನ ಹಿರ್ಯಾ.

"ಪೇಢೆ ಹಾಲಿಂದಲ್ಲ, ಖೋವಾದ್ದು."

"ಖೋವಾ ಏನು ಗಿಡದಾಗ ಕಾಯಿ ಬಿಟ್ಟಂಗ ಬಿಡ್ತೈತೇನು?"

"ಅದಕ್ಕ ನಾ ಎಲ್ಲೂ ಹೋಗಂಗಿಲ್ಲ," ಅಂದ ಮಲ್ಲ್ಯಾ. ಖರೇ ಮಾತು. 20 ಕಿಲೋಮೀಟರ್ ದೂರದ ಹುಬ್ಬಳ್ಳಿನ ಅಂವಂಗ ಪರದೇಶ. ಒಮ್ಮೆ ಅತ್ತಿಯವರನ್ನ ರೈಲಿಗೆ ಹತ್ತಸಾಕ ಹೋಗಿದ್ದ. ಅಲ್ಲಿ ಪ್ಲಾಟ್‌ಫಾರ್ಮ್ 1,507 ಮೀಟರ್, ಜಗತ್ತಿನಾಗ ಉದ್ದಂದು. ಅರ್ಧಾ ನಡಿಯೋದ್ರಾಗ ಇಂವಂಗ ಮನಿ ನೆನಪಾತು. ಅತ್ತಿ ಕೈಯಾಗ ಚೀಲಾ ಕೊಟ್ಟು ಚಿಗರಿ ಬಸ್ ಹತ್ತಿ ವಾಪಸ್ ಬಂದಾನ. ಕೇಳಿದ್ರ "ಅಲ್ಲಿ ನೀರು ನಂಗ ಒಗ್ಗಂಗಿಲ್ಲ" ಅಂತಾನ.

"ನಗಬ್ಯಾಡ್ರಿ," ಅಂದ ಬಸ್ಯಾ. "ಮೊದಲ ಆರು ತಿಂಗಳು ನಾನೂ ಮಲ್ಲ್ಯಾನ. ಆಫೀಸು, ಮನಿ, ರೊಟ್ಟಿ. ಅವ್ವ ಇಲ್ಲಿ ರಾತ್ರಿ ಒಂಬತ್ತೂವರಿಗೆ ಫೋನ್ ಹಚ್ಚಿದ್ರ ಅಲ್ಲೆ ಸಂಜಿ ಆರು. ಅಕ್ಟೋಬರ್ ಕಡೀ ರವಿವಾರ ಅಲ್ಲಿ ಗಡಿಯಾರ ಒಂದ್ ತಾಸು ಹಿಂದ ಸರಸ್ತಾರ. ಮರುದಿನ ಅಕಿ ಫೋನ್ ಬಂದಾಗ ಐದು, ನಾ ಮೀಟಿಂಗ್‌ನಾಗ. 'ನಿನ್ನಿ ತನಾ ಎತ್ತತಿದ್ದಿ, ಇವತ್ತ ಸಿಟ್ಟೇನಪಾ?' ಗಡಿಯಾರ ಸರಿಸ್ಯಾರಬೇ ಅಂದ್ರ, 'ನಮ್ಮನಿ ಗಡಿಯಾರ ಯಾರೂ ಮುಟ್ಟಿಲ್ಲ' ಅಂತಾಳ."

"ರೊಟ್ಟಿ ಸುದ್ದಿ ಹೇಳು," ಅಂದ ಗುರ್ಯಾ. ಅಂವನ ಜೀವ ಹಂಚಿನ ಮ್ಯಾಲೇ ಇತ್ತು.

"ರವಿವಾರ ಅಲ್ಲೆ ಅಂಗಡಿ ಬಂದ್, ಬಜಾರ ಬಂದ್. ಏನ್ ಮಾಡೋದು, ಕಲ್ಲಿನ ಕಟ್ಟಿ ಮ್ಯಾಲೆ ಪಟಾ ಪಟಾ ರೊಟ್ಟಿ ಬಡಿಯಾಕತ್ತೆ. ಬಾಗಲಾ ಬಡದ ಸಪ್ಪಳಾತು. ಕೆಳಗಿನ ಮನಿ ಅಜ್ಜಿ. 'ರವಿವಾರ ಗ್ವಾಡಿಗೆ ಮೊಳೆ ಹೊಡಿಬಾರದು, ಗೊತ್ತಿಲ್ಲೇನು?' ಮೊಳೆ ಅಲ್ಲ, ಊಟ ಅಂದೆ. ಊಟಕ್ಕ ಯಾಕ ಹೊಡಿತಿ ಅಂದ್ಲು."

ಗಿರಮಿಟ್ ಮಲ್ಲ್ಯಾನ ನೆತ್ತಿಗೇರಿತು. ನೀರು ಕುಡಿಸಿದ್ವಿ. ಧಾರವಾಡದ್ದ ನೀರು, ಒಗ್ಗಿತು.

"ಅಂಜಿ ಎಲ್ಲಾ ಬಿಟ್ಟೆ. ಎರಡು ತಿಂಗಳು ಮುಂಜಾನೆ ಬ್ರೆಡ್, ಸಂಜಿನೂ ಬ್ರೆಡ್. ಖಾಲಿ ಬಾಟ್ಲಿ ಯಂತ್ರಕ್ಕ ಹಾಕಿ ಒಂದೊಂದಕ್ಕ 25 ಸೆಂಟ್ ಇಸಗೊಳ್ಳೋದು, ಇಸಾರ್ ಹೊಳಿ ದಂಡ್ಯಾಗ ಅಡ್ಡಾಡೋದು. ಪಕ್ಕಾ ಜರ್ಮನ್ ಆದೆ ಅಂದ್ಕೊಂಡೆ. ಡಿಸೆಂಬರ್ ಬಂತು, ಸಂಜಿ ನಾಕೂವರಿಗೆ ಕತ್ಲಿ. ಒಂದಿನ ಮೆಟ್ಲ ಏರುವಾಗ ಯಾರದೋ ಮನ್ಯಾಗಿಂದ ಬಳ್ಳೊಳ್ಳಿ ಒಗ್ಗರಣಿ ವಾಸನಿ ಬಂತು ನೋಡ್ರಿ, ಮೆಟ್ಲ ಮ್ಯಾಲೇ ಕುಂತು ಅತ್ತೆ."

ಯಾರೂ ನಗಲಿಲ್ಲ. ಗುರ್ಯಾ ಸುಮ್ನ ಮಿರ್ಚಿ ಮುರದು ಅರ್ಧಾ ಅಂವನ ತಾಟಿಗಿಟ್ಟ.

"ಆಮ್ಯಾಲೆ?"

"ಆಮ್ಯಾಲೆ ಶನಿವಾರಕ್ಕ ಬದಲಿಸಿದೆ. ಶನಿವಾರ ಮಧ್ಯಾಹ್ನ ರೊಟ್ಟಿ, ಎರಡು ಅಜ್ಜಿಗೆ. ರವಿವಾರ ಅಜ್ಜಿ ಜೋಡಿ ಹೊಳಿ ದಂಡಿ. ಅಕಿಗೆ ಕೆಂಪಿಂಡಿ ಖಾರ ಅಷ್ಟ ಆಗಂಗಿಲ್ಲ."

ಅಂವನ ಫೋನ್ ಟಿಣ್ ಅಂತು. ಅಜ್ಜೀದ ಮೆಸೇಜು. ಬಸ್ಯಾ ಓದಿ ಹೇಳಿದ: "ಎರಡು ಶನಿವಾರ ಆತು, ಮ್ಯಾಲೆ ಸಪ್ಪಳಿಲ್ಲ. ಯಾವಾಗ ಬರ್ತಿ?"

"ಹಂಗಾರ ಹಂಚು ಇರ್ಲಿ?" ಅಂದ ಗುರ್ಯಾ.

"ಹಂಚು ಇರ್ಲಿ, ನೂರು ರೊಟ್ಟಿ ತೆಗಿ. ಜ್ವಾಳದ ಹಿಟ್ಟು ಅಲ್ಲೆ ಇಂಡಿಯಾ ಅಂಗಡ್ಯಾಗ ಸಿಗ್ತೈತಿ. ಬಡಿಯೋದು ಕಲಿ."

ಚಾದ ರೊಕ್ಕಾ ಕೊಡೋ ಹೊತ್ತಿಗೆ ಮಲ್ಲ್ಯಾ ಗಂಟಲಾ ಸರಿ ಮಾಡ್ಕೊಂಡ. "ನಾನೂ ಒಮ್ಮೆ ಹೋಗಿ ಇದ್ದು ಬರ್ಬೇಕಲೇ."

"ಮ್ಯೂನಿಕ್‌ಗೇನು?"

"ಹುಬ್ಬಳ್ಳಿಗೆ. ರಾತ್ರಿ ಊಟಕ್ಕ ಮನಿಗೆ ಬಂದುಬಿಡ್ತೀನಿ."