ವ್ಯಾಪಾರ ನೀತಿ ಕ್ಷೇತ್ರಕ್ಕೆ ಬರಲು ಕಾನೂನು ಡಿಗ್ರಿ ಬೇಕೇ ಬೇಕಾ? ಒಳಗಿರುವವರ ಅನುಭವ

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಾನು ಫುಡ್ ಸೈನ್ಸ್‌ನಲ್ಲಿ ಎಂ.ಎಸ್ಸಿ ಮಾಡಿ ಒಂದು ಟೆಸ್ಟಿಂಗ್ ಲ್ಯಾಬ್‌ನಲ್ಲಿದ್ದೇನೆ. ರಫ್ತಿಗೆ ಹೋಗುವ ಆಹಾರ ಪದಾರ್ಥಗಳಲ್ಲಿ ಕೀಟನಾಶಕದ ಉಳಿಕೆ ಎಷ್ಟಿದೆ ಅಂತ ಪರೀಕ್ಷಿಸುವುದು ಕೆಲಸ. ಒಂದು ದೇಶ ಒಪ್ಪಿದ ಮಾಲನ್ನೇ ಇನ್ನೊಂದು ದೇಶ ವಾಪಸ್ ಕಳಿಸುವುದನ್ನು ನೋಡಿ ನೋಡಿ, ಈ ಮಿತಿಗಳನ್ನೆಲ್ಲ ಯಾರು ಕೂತು ನಿರ್ಧರಿಸುತ್ತಾರೆ ಅನ್ನುವ ಕುತೂಹಲ ಹತ್ತಿಕೊಂಡಿದೆ. ಅಂತಾರಾಷ್ಟ್ರೀಯ ವ್ಯಾಪಾರ ನೀತಿಯ ಕಡೆ ಬರಬೇಕು ಅನ್ನುವ ಆಸೆ. ಆದರೆ ಯಾರನ್ನು ಕೇಳಿದರೂ "ಲಾ ಓದಿದ್ದೀರಾ? ಇಲ್ಲಾಂದ್ರೆ ಎಕನಾಮಿಕ್ಸಾ?" ಅಂತಾರೆ. ಎರಡೂ ಇಲ್ಲ. ವಯಸ್ಸು ಮೂವತ್ತು ದಾಟಿದೆ. ಮತ್ತೆ ಮೊದಲಿಂದ ಓದಬೇಕಾ? ಈ ಕ್ಷೇತ್ರದಲ್ಲಿ ಇರುವವರು ಎಲ್ಲಿಂದ, ಹೇಗೆ ಬಂದಿರಿ ಅಂತ ದಯವಿಟ್ಟು ತಿಳಿಸಿ.

ವ್ಯಾಪಾರ ವಿವಾದಗಳ ವಕೀಲೆ

ಮತ್ತೆ ಮೊದಲಿಂದ ಓದಬೇಕಾಗಿಲ್ಲ. ನಾನು ಲಾ ಓದಿಯೇ ಬಂದವಳು, ಆದರೂ ಇದನ್ನು ಧೈರ್ಯವಾಗಿ ಹೇಳುತ್ತೇನೆ.

ವಿಶ್ವ ವ್ಯಾಪಾರ ಸಂಸ್ಥೆಯ (ಡಬ್ಲ್ಯುಟಿಒ) ವಿವಾದ ಇತ್ಯರ್ಥ ಒಪ್ಪಂದದ 8ನೇ ವಿಧಿಯನ್ನು ತೆಗೆದು ಓದಿ. ಪ್ಯಾನೆಲ್‌ನಲ್ಲಿ ಕೂತು ತೀರ್ಪು ಕೊಡಲು ಯಾರು ಅರ್ಹರು ಅಂತ ಅಲ್ಲಿದೆ. ಹಿಂದೆ ಪ್ಯಾನೆಲ್‌ನಲ್ಲಿ ಇದ್ದವರು, ಪ್ಯಾನೆಲ್ ಮುಂದೆ ವಾದ ಮಂಡಿಸಿದವರು, ತಮ್ಮ ದೇಶದ ಪ್ರತಿನಿಧಿಯಾಗಿದ್ದವರು, ಸಂಸ್ಥೆಯ ಸಚಿವಾಲಯದಲ್ಲಿ ದುಡಿದವರು, ವ್ಯಾಪಾರ ಕಾನೂನು ಅಥವಾ ನೀತಿಯನ್ನು ಪಾಠ ಮಾಡಿದವರು, ಅದರ ಬಗ್ಗೆ ಬರೆದವರು, ಹಿರಿಯ ವ್ಯಾಪಾರ ಅಧಿಕಾರಿಗಳು. ಇಷ್ಟೂ ಜನರ ಹೆಸರಿದೆ, ಲಾ ಡಿಗ್ರಿಯ ಮಾತೇ ಇಲ್ಲ.

1995ರಲ್ಲಿ ಮೇಲ್ಮನವಿ ಮಂಡಳಿಗೆ ಮೊದಲ ಏಳು ಸದಸ್ಯರು ಆಯ್ಕೆಯಾದರಲ್ಲ, ಅವರನ್ನೇ ನೋಡಿ. ಉರುಗ್ವೆಯ ಹೂಲಿಯೊ ಲಕಾರ್ತೆ ಮುರೊ ರಾಜತಾಂತ್ರಿಕರು, ಈ ಸಂಸ್ಥೆಗೂ ಮೊದಲಿದ್ದ ಗ್ಯಾಟ್ ವ್ಯಾಪಾರ ಒಪ್ಪಂದ ಹುಟ್ಟಿದ ಕಾಲದಿಂದ ಅದರ ಜೊತೆಗಿದ್ದವರು. ಅಮೆರಿಕದ ಜೇಮ್ಸ್ ಬಾಕಸ್ ಸಂಸದರಾಗಿದ್ದವರು, ಅದಕ್ಕೂ ಮೊದಲು ಪತ್ರಕರ್ತರು. ಫಿಲಿಪ್ಪೀನ್ಸಿನ ಫ್ಲೊರೆಂಟಿನೊ ಫೆಲಿಸಿಯಾನೊ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿ. ಜಪಾನಿನ ಮಿತ್ಸುವೊ ಮತ್ಸುಶಿತಾ ಪ್ರೊಫೆಸರ್. ಈಜಿಪ್ಟಿನ ಸಯೀದ್ ಎಲ್ ನಗ್ಗರ್ ಅರ್ಥಶಾಸ್ತ್ರಜ್ಞರು. ಇಂಥವರು ಒಂದೇ ಮೇಜಿನ ಸುತ್ತ ಕೂತು ಬರೆದ ತೀರ್ಪುಗಳನ್ನೇ ನಾವು ಇವತ್ತಿಗೂ ಓದುತ್ತಿರುವುದು.

ನಿಮಗೆ ಹತ್ತಿರದ ವಿಷಯ ಹೇಳುತ್ತೇನೆ. ಅಮೆರಿಕದ ಸೇಬಿನ ಮೇಲೆ ಜಪಾನ್ ಹಾಕಿದ್ದ ನಿರ್ಬಂಧದ ವಿವಾದ, 2003ರದ್ದು. ಫೈರ್ ಬ್ಲೈಟ್ ಅನ್ನುವ ಬ್ಯಾಕ್ಟೀರಿಯಾ ರೋಗ ಹಣ್ಣಿನ ಜೊತೆ ದೇಶದೊಳಗೆ ಬಂದೀತು ಅನ್ನುವುದು ಜಪಾನಿನ ಭಯ. ಪ್ಯಾನೆಲ್ ಸಸ್ಯರೋಗ ತಜ್ಞರನ್ನು ಕೇಳಿತು: ಪೂರ್ತಿ ಬಲಿತ, ರೋಗದ ಲಕ್ಷಣವೇ ಇಲ್ಲದ ಸೇಬಿನಿಂದ ರೋಗ ಹರಡುತ್ತದಾ? ಜಪಾನ್ ಆ ಕೇಸು ಸೋತಿತು. ಸೋಲು ನಿಂತಿರುವುದು ಆ ತಜ್ಞರ ಉತ್ತರಗಳ ಮೇಲೆ. ಇಂಥ ಫೈಲ್ ಬಂದಾಗ ನಮ್ಮ ತಂಡದಲ್ಲಿ ಮೊದಲು ನಡೆಯುವ ಕೆಲಸವೂ ಅದೇ. ವಿಜ್ಞಾನಿಯೊಬ್ಬರ ಪಕ್ಕ ಕೂತು, ಎದುರು ಪಕ್ಷ ಕೊಟ್ಟ ಅಧ್ಯಯನದಲ್ಲಿ ಸ್ಯಾಂಪಲ್ ಹೇಗೆ ತೆಗೆದರು, ಎಷ್ಟು ತೆಗೆದರು, ಯಾವ ಸ್ಥಿತಿಯಲ್ಲಿ ಇಟ್ಟಿದ್ದರು ಅಂತ ಸಾಲು ಸಾಲಾಗಿ ಕೇಳಿಕೊಳ್ಳುತ್ತೇವೆ. ವಾದ ಬರೆಯುವುದು ನಾವು. ಎಲ್ಲಿ ಕೈ ಇಡಬೇಕು ಅಂತ ತೋರಿಸುವುದು ಅವರು.

ಒಂದು ಎಚ್ಚರಿಕೆ ಮಾತ್ರ. ಬರೀ ವಿವಾದದ ಕೆಲಸವನ್ನೇ ಗುರಿ ಮಾಡಿಕೊಳ್ಳಬೇಡಿ. 2019ರ ಡಿಸೆಂಬರ್‌ನಿಂದ ಮೇಲ್ಮನವಿ ಮಂಡಳಿಯಲ್ಲಿ ಕೋರಂ ಇಲ್ಲ, ಅಂದರೆ ಮೇಲ್ಮನವಿ ಕೇಳಲು ಬೇಕಾದಷ್ಟು ಸದಸ್ಯರಿಲ್ಲ. ಹೊಸ ಸದಸ್ಯರ ನೇಮಕಕ್ಕೆ ಅಮೆರಿಕ ಒಪ್ಪುತ್ತಿಲ್ಲ. ಕೆಲವು ದೇಶಗಳು ಸೇರಿ 2020ರಲ್ಲಿ ತಮ್ಮತಮ್ಮಲ್ಲೇ ಬದಲಿ ಮೇಲ್ಮನವಿ ವ್ಯವಸ್ಥೆ ಮಾಡಿಕೊಂಡಿವೆ, ನಿಜ. ಆದರೂ ಕೆಲಸ ಈಗ ಜಾಸ್ತಿ ಇರುವುದು ಪ್ರಾದೇಶಿಕ ಒಪ್ಪಂದಗಳಲ್ಲಿ ಮತ್ತು ಗುಣಮಟ್ಟದ ನಿಯಮಗಳಲ್ಲಿ.

ಕಾಸ್ಟ್ ಅಕೌಂಟೆಂಟ್

ನಾನು ಬಂದ ದಾರಿ ಕೇಳಿದರೆ ನಿಮಗೆ ಧೈರ್ಯ ಬರಬಹುದು. ಒಂದು ಕಾರ್ಖಾನೆಯಲ್ಲಿ ಲೆಕ್ಕ ನೋಡುತ್ತಿದ್ದೆ. ನಮ್ಮ ಮಾಲಿನ ಮೇಲೆ ಬೇರೊಂದು ದೇಶ ಆ್ಯಂಟಿ ಡಂಪಿಂಗ್ ತನಿಖೆ (ಸ್ವದೇಶಕ್ಕಿಂತ ಅಗ್ಗದ ಬೆಲೆಗೆ ರಫ್ತು ಮಾಡುತ್ತಿದ್ದೀರಾ ಅನ್ನುವ ತನಿಖೆ) ಶುರು ಮಾಡಿತು. ದಪ್ಪನೆಯ ಪ್ರಶ್ನಾವಳಿ ಬಂತು. ವಕೀಲರು ಬಂದು ಹೋದರು, ಆದರೆ ಅಂಕಿ ತುಂಬಬೇಕಾದವನು ನಾನೇ. ಅಲ್ಲಿಂದ ಅದೇ ವೃತ್ತಿಯಾಯಿತು.

ಕೆಲಸ ಹೇಗಿರುತ್ತದೆ ಅಂತ ಸರಳ ಮಾಡಿ ತೋರಿಸುತ್ತೇನೆ. ಒಂದು ಮಾಲು ಸ್ವದೇಶದಲ್ಲಿ 120ಕ್ಕೆ, ರಫ್ತಿನಲ್ಲಿ 110ಕ್ಕೆ ಮಾರಾಟವಾಗುತ್ತಿದೆ ಅಂದುಕೊಳ್ಳಿ. ವ್ಯತ್ಯಾಸ 10 ಅಂತ ಬರೆಯುವ ಹಾಗಿಲ್ಲ. ಎರಡನ್ನೂ ಕಾರ್ಖಾನೆ ಬಾಗಿಲಿನ ಬೆಲೆಗೆ ಇಳಿಸಬೇಕು. ಸ್ವದೇಶಿ ಬೆಲೆಯಲ್ಲಿ ಸಾಗಣೆ 15 ಕಳೆದರೆ 105. ರಫ್ತು ಬೆಲೆಯಲ್ಲಿ ಸಾಗಣೆ, ವಿಮೆ ಸೇರಿ 20 ಕಳೆದರೆ 90. ಈಗ ವ್ಯತ್ಯಾಸ 15, ಅಂದರೆ ರಫ್ತು ಬೆಲೆಯ ಮೇಲೆ ಹತ್ತಿರ ಹತ್ತಿರ ಶೇ. 16.7. ಸ್ವದೇಶಿ ಗಿರಾಕಿಗೆ ಸಾಲದ ಮೇಲೆ ಮಾಲು ಕೊಟ್ಟಿದ್ದೀರಿ, ಅದರ ಬಡ್ಡಿ ಖರ್ಚು 3 ಅಂತ ದಾಖಲೆ ಸಮೇತ ತೋರಿಸಿದರೆ 105 ಹೋಗಿ 102 ಆಗುತ್ತದೆ, ಅಂತರ ಶೇ. 13.3ಕ್ಕೆ ಇಳಿಯುತ್ತದೆ. ಈ ಅಂತರ ಶೇ. 2ಕ್ಕಿಂತ ಕಡಿಮೆ ಬಂದರೆ ತನಿಖೆಯನ್ನೇ ಕೈಬಿಡಬೇಕು ಅಂತ ಆ್ಯಂಟಿ ಡಂಪಿಂಗ್ ಒಪ್ಪಂದ ಹೇಳುತ್ತದೆ. ಹಾಗಾಗಿ ಒಂದೊಂದು ಕಳೆಯುವಿಕೆಗೂ ಜಗಳ.

ಆಮೇಲೆ ತನಿಖಾಧಿಕಾರಿಗಳು ಕಾರ್ಖಾನೆಗೇ ಬರುತ್ತಾರೆ. ಯಾವುದೋ ಒಂದು ಇನ್ವಾಯ್ಸ್ ಎತ್ತಿಕೊಂಡು, ಅದರ ಲೆಡ್ಜರ್ ತೋರಿಸಿ, ಹಣ ಬಂದ ಬ್ಯಾಂಕ್ ಸ್ಟೇಟ್‌ಮೆಂಟ್ ತೋರಿಸಿ, ಅದು ಆಡಿಟ್ ಆದ ಲೆಕ್ಕಕ್ಕೆ ಹೇಗೆ ತಾಳೆಯಾಗುತ್ತದೆ ತೋರಿಸಿ ಅಂತಾರೆ. ತಾಳೆಯಾಗದಿದ್ದರೆ ನಮ್ಮ ಅಂಕಿ ಬದಿಗಿಟ್ಟು ತಮಗೆ ಸಿಕ್ಕ ಮಾಹಿತಿಯ ಮೇಲೆ ಸುಂಕ ಲೆಕ್ಕ ಹಾಕಬಹುದು. ಆ ಕೋಣೆಯಲ್ಲಿ ಎಷ್ಟು ದೊಡ್ಡ ವಕೀಲರಿದ್ದರೂ ಅವರ ಕಣ್ಣು ಅಕೌಂಟೆಂಟ್ ಮೇಲೆಯೇ ಇರುತ್ತದೆ.

ನಾನು ಮಾಡಿದ್ದು ಇಷ್ಟೇ. ಆ ಒಪ್ಪಂದದ 2ನೇ ವಿಧಿಯನ್ನು ಬಾಯಿಪಾಠ ಆಗುವಷ್ಟು ಸಲ ಓದಿದೆ. ನಿಮಗೆ ಬೇಕಾದ ಒಪ್ಪಂದ ಬೇರೆ, ಓದುವ ರೀತಿ ಇದೇ.

ಕಸ್ಟಮ್ಸ್‌ನಲ್ಲಿದ್ದವರು

ಚಿಕ್ಕದಾಗಿ ಹೇಳಿಬಿಡುತ್ತೇನೆ. ವ್ಯಾಪಾರ ಒಪ್ಪಂದದ ಮಾತುಕತೆಗೆ ನನ್ನನ್ನು ಕರೆದದ್ದು ಎಚ್‌ಎಸ್ ಕೋಡ್, ಅಂದರೆ ಸರಕುಗಳನ್ನು ವರ್ಗೀಕರಿಸುವ ಅಂತಾರಾಷ್ಟ್ರೀಯ ಅಂಕಿ ಪಟ್ಟಿ, ಗೊತ್ತು ಅನ್ನುವ ಒಂದೇ ಕಾರಣಕ್ಕೆ. 1988ರಿಂದ ಜಾರಿಯಲ್ಲಿರುವ ಈ ಪಟ್ಟಿಯಲ್ಲಿ 5,000ಕ್ಕಿಂತ ಜಾಸ್ತಿ ಸರಕು ಗುಂಪುಗಳಿವೆ. ಮೊದಲ ಆರು ಅಂಕಿ ಎಲ್ಲ ದೇಶಗಳಿಗೂ ಒಂದೇ. ಯಾವ ಸರಕಿಗೆ ಎಷ್ಟು ಸುಂಕ ಇಳಿಸಬೇಕು, ಯಾವುದನ್ನು "ಇಲ್ಲೇ ತಯಾರಾದದ್ದು" ಅಂತ ಒಪ್ಪಬೇಕು ಅನ್ನುವುದೆಲ್ಲ ಈ ಕೋಡ್‌ಗಳ ಮೇಲೆಯೇ ನಡೆಯುತ್ತದೆ. ಬೇರೆ ದೇಶದ ಬಿಡಿಭಾಗ ತಂದು ಸುಮ್ನೆ ಜೋಡಿಸಿ ಕಳಿಸಿದರೆ ರಿಯಾಯಿತಿ ಸಿಗಬೇಕಾ ಅಂತ ಗಂಟೆಗಟ್ಟಲೆ ಚರ್ಚೆ ಆಗುತ್ತದೆ. ಸರಕನ್ನು ಕೈಯಲ್ಲಿ ಹಿಡಿದು ನೋಡಿದವರು ಆಗ ಬೇಕೇ ಬೇಕು. ನೀವು ಆಹಾರ ಪದಾರ್ಥವನ್ನು ಅಣುಮಟ್ಟದಲ್ಲಿ ನೋಡಿದವರು, ಅಲ್ವಾ?

ಅರ್ಥಶಾಸ್ತ್ರದವರು

ವಕೀಲೆ ಮೇಡಂ ಹೇಳಿದ್ದನ್ನು ಪೂರ್ತಿ ಒಪ್ಪಲಾರೆ. ಒಳಗೆ ಬಂದ ಮೇಲೆ ಡಿಗ್ರಿ ಯಾರೂ ಕೇಳುವುದಿಲ್ಲ, ನಿಜ. ಒಳಗೆ ಬರುವಾಗ ಕೇಳುತ್ತಾರೆ. ಅಂತಾರಾಷ್ಟ್ರೀಯ ಸಂಸ್ಥೆಗಳ ಹುದ್ದೆಯ ಪ್ರಕಟಣೆ ನೋಡಿದರೆ ಬಹಳಷ್ಟು ಕಡೆ ಕಾನೂನು, ಅರ್ಥಶಾಸ್ತ್ರ ಅಥವಾ ಸಂಬಂಧಪಟ್ಟ ವಿಷಯದಲ್ಲಿ ಸ್ನಾತಕೋತ್ತರ ಪದವಿ ಅಂತ ಇರುತ್ತದೆ. ಡಬ್ಲ್ಯುಟಿಒ ಸಚಿವಾಲಯದಲ್ಲಿ ಇರುವುದೇ ಸುಮಾರು ಆರುನೂರು ಜನ, ಸ್ಪರ್ಧೆ ತುಂಬಾ ಕಠಿಣ. ಹಾಗಾಗಿ ಕಾನೂನು ಮತ್ತು ಅರ್ಥಶಾಸ್ತ್ರ ಎರಡನ್ನೂ ಸೇರಿಸಿ ಕಲಿಸುವ ಕೋರ್ಸ್ ಒಂದನ್ನು ಮುಂದೆ ಎಂದಾದರೂ ಮಾಡಿಕೊಳ್ಳಿ. ಬರ್ನ್‌ನ ವರ್ಲ್ಡ್ ಟ್ರೇಡ್ ಇನ್‌ಸ್ಟಿಟ್ಯೂಟ್‌ನಲ್ಲಿ ಅಂಥದ್ದು ಇದೆ. ಡಬ್ಲ್ಯುಟಿಒ ನಡೆಸುವ ಆನ್‌ಲೈನ್ ಕೋರ್ಸ್‌ಗಳನ್ನು ಇವತ್ತೇ ಶುರು ಮಾಡಬಹುದು.

ನಮ್ಮವರು ಎಲ್ಲಿ ಬೇಕಾಗುತ್ತಾರೆ ಅನ್ನುವುದನ್ನೂ ಹೇಳಿಬಿಡುತ್ತೇನೆ. ಹಾರ್ಮೋನ್ ಕೊಟ್ಟು ಬೆಳೆಸಿದ ದನದ ಮಾಂಸವನ್ನು ಯುರೋಪ್ ನಿಷೇಧಿಸಿದ ಪ್ರಕರಣದಲ್ಲಿ ಅಮೆರಿಕ ಗೆದ್ದಿತು. ಯುರೋಪ್ ನಿಷೇಧ ತೆಗೆಯಲಿಲ್ಲ. ಆಗ ಅಮೆರಿಕ ಎಷ್ಟರ ಮಟ್ಟಿಗೆ ಪ್ರತೀಕಾರದ ಸುಂಕ ಹಾಕಬಹುದು? ಆ ನಿಷೇಧ ಇರದಿದ್ದರೆ ಎಷ್ಟು ಮಾಂಸ ಹೋಗುತ್ತಿತ್ತು, ಯಾವ ಬೆಲೆಗೆ ಹೋಗುತ್ತಿತ್ತು ಅಂತ ಲೆಕ್ಕ ಹಾಕಿ, 1999ರಲ್ಲಿ ಮಧ್ಯಸ್ಥರು ವರ್ಷಕ್ಕೆ 11.68 ಕೋಟಿ ಡಾಲರ್ ಅಂತ ನಿಗದಿ ಮಾಡಿದರು. ಅಮೆರಿಕ ಕೇಳಿದ್ದು ಅದಕ್ಕಿಂತ ಜಾಸ್ತಿ. ನಡೆಯದೇ ಹೋದ ವ್ಯಾಪಾರವನ್ನು ಅಳೆಯುವುದು ನಮ್ಮ ಕೆಲಸ. ಅದಕ್ಕೆ ಓದು ಬೇಕು, ಬರೀ ಉತ್ಸಾಹ ಸಾಲದು.

ಸರ್ಕಾರದ ಪರವಾಗಿ ಸಂಧಾನಕ್ಕೆ ಹೋಗಿದ್ದವರು

ಡಬ್ಲ್ಯುಟಿಒ ಮುಖ್ಯಸ್ಥರನ್ನೇ ತೆಗೆದುಕೊಳ್ಳಿ. ಪೀಟರ್ ಸದರ್‌ಲ್ಯಾಂಡ್ ವಕೀಲರು. ಮೈಕ್ ಮೂರ್ ನ್ಯೂಜಿಲೆಂಡಿನ ಪ್ರಧಾನಿಯಾಗಿದ್ದವರು, ಶಾಲೆಯನ್ನು ಚಿಕ್ಕ ವಯಸ್ಸಿಗೇ ಬಿಟ್ಟವರು. ಬ್ರೆಜಿಲ್‌ನ ರಾಬರ್ಟೊ ಅಜೆವೆಡೊ ಓದಿದ್ದು ಎಲೆಕ್ಟ್ರಿಕಲ್ ಎಂಜಿನಿಯರಿಂಗ್, ಆಮೇಲೆ ವಿದೇಶಾಂಗ ಸೇವೆಗೆ ಬಂದರು. 2021ರಿಂದ ಇರುವ ಎನ್‌ಗೋಜಿ ಒಕೊಂಜೊ ಇವೇಲಾ ಅರ್ಥಶಾಸ್ತ್ರಜ್ಞೆ, ನೈಜೀರಿಯಾದ ಹಣಕಾಸು ಸಚಿವೆಯಾಗಿದ್ದವರು.

ನಾನು ಕೃಷಿ ಇಲಾಖೆಯಿಂದ ಹೋದವನು. ಡಬ್ಲ್ಯುಟಿಒ ಇರುವ ಜಿನೀವಾದಲ್ಲಿ ಮೊದಲು ಕಲಿತದ್ದು ಚೌಕ ಬ್ರಾಕೆಟ್ ಓದುವುದನ್ನು. ಕರಡು ಒಪ್ಪಂದದಲ್ಲಿ ಒಮ್ಮತ ಆಗದ ಪದಗಳೆಲ್ಲ ಚೌಕ ಬ್ರಾಕೆಟ್ಟಿನೊಳಗೆ ಇರುತ್ತವೆ. ಒಂದೊಂದು ಬ್ರಾಕೆಟ್ ತೆಗೆಸಲು ವರ್ಷಗಳೇ ಹಿಡಿಯುತ್ತವೆ. ಮೀನುಗಾರಿಕೆ ಸಬ್ಸಿಡಿ ಮಾತುಕತೆ 2001ರಲ್ಲಿ ದೋಹಾದಲ್ಲಿ ಶುರುವಾಗಿ, ಒಪ್ಪಂದ ಆದದ್ದು 2022ರಲ್ಲಿ. ಅತಿಯಾಗಿ ಹಿಡಿದು ಬರಿದಾದ ಮೀನಿನ ಸಂಪತ್ತಿಗೆ ಸಬ್ಸಿಡಿ ಕೊಡಬಾರದು ಅಂತ ಹೇಳುವುದು ಸುಲಭ. ಬರಿದಾಗಿದೆ ಅಂತ ಯಾರು, ಯಾವ ಲೆಕ್ಕದ ಮೇಲೆ ಹೇಳಬೇಕು? ಅಲ್ಲಿ ಮೀನು ವಿಜ್ಞಾನಿಗಳ ಜ್ಞಾನ ಬೇಕಾಯಿತು.

ದೊಡ್ಡ ದೇಶಗಳು ಒಂದೊಂದು ವಿಷಯಕ್ಕೂ ಬೇರೆ ಬೇರೆ ತಜ್ಞರನ್ನು ಕಳಿಸುತ್ತವೆ. ಸಣ್ಣ ದೇಶದ ಕಚೇರಿಯಲ್ಲಿ ಒಬ್ಬರೇ ಬೆಳಗ್ಗೆ ಸೇವಾ ವಲಯದ ಸಭೆ, ಮಧ್ಯಾಹ್ನ ಕೃಷಿ ಸಭೆ ಅಂತ ಓಡುತ್ತಿರುತ್ತಾರೆ. ಅವರನ್ನು ಕಂಡು ನನಗೆ ನಿಜವಾಗಲೂ ಗೌರವ ಬಂದಿದೆ. ಅಂಥವರಿಗೆ ರಾತ್ರಿ ಫೋನ್ ಮಾಡಿ ಕೇಳಬಹುದಾದ ವಿಷಯ ತಜ್ಞರೊಬ್ಬರು ತಮ್ಮ ದೇಶದಲ್ಲಿ ಇದ್ದರೆ ಅದೇ ದೊಡ್ಡ ಬಲ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ತುಂಬಾ ಧನ್ಯವಾದ. ಇಷ್ಟು ವಿವರವಾಗಿ ಬರೆಯುತ್ತೀರಿ ಅಂದುಕೊಂಡಿರಲಿಲ್ಲ. ಹಾಗಾದರೆ ಈಗಿನ ಕೆಲಸ ಬಿಡದೆಯೇ ಶುರು ಮಾಡಬಹುದಾ? ಮೊದಲು ಏನು ಹಿಡಿಯಲಿ?

ಆಹಾರ ಸುರಕ್ಷತೆಯಿಂದ ವ್ಯಾಪಾರ ನೀತಿಗೆ ಬಂದವರು

ಖಂಡಿತ ಮಾಡಬಹುದು. ನಾನೂ ಲ್ಯಾಬ್‌ನಿಂದಲೇ ಬಂದವಳು, ಅದಕ್ಕೇ ಕೊನೆವರೆಗೂ ಓದಿ ಬರೆಯುತ್ತಿದ್ದೇನೆ.

ನಿಮ್ಮ ಒಪ್ಪಂದ ಎಸ್‌ಪಿಎಸ್, ಅಂದರೆ ಆಹಾರ ಸುರಕ್ಷತೆ, ಪ್ರಾಣಿ ಮತ್ತು ಸಸ್ಯ ಆರೋಗ್ಯದ ಒಪ್ಪಂದ. ಕೇವಲ 14 ವಿಧಿಗಳು. ಒಂದು ಸಂಜೆಗೆ ಓದಿ ಮುಗಿಸಬಹುದು. 3 ಮತ್ತು 5ನೇ ವಿಧಿಗಳನ್ನು ಮತ್ತೆ ಮತ್ತೆ ಓದಿ. ಅಂತಾರಾಷ್ಟ್ರೀಯ ಮಾನದಂಡವನ್ನು ಆಧಾರವಾಗಿ ಇಟ್ಟುಕೊಳ್ಳಬೇಕು, ಅದಕ್ಕಿಂತ ಬಿಗಿ ಮಾಡುವುದಾದರೆ ವೈಜ್ಞಾನಿಕ ಸಮರ್ಥನೆ ಬೇಕು ಅನ್ನುವುದು ಅವುಗಳ ತಿರುಳು. ಆಹಾರದ ಮಟ್ಟಿಗೆ ಆ ಮಾನದಂಡ ಕೋಡೆಕ್ಸ್, ಅಂದರೆ ಅಂತಾರಾಷ್ಟ್ರೀಯ ಆಹಾರ ಮಾನದಂಡಗಳನ್ನು ರೂಪಿಸುವ ಆಯೋಗದ್ದು. ಕೀಟನಾಶಕದ ಉಳಿಕೆಗೆ ಅಲ್ಲೇ ಪ್ರತ್ಯೇಕ ಸಮಿತಿ ಇದೆ. ಅದಕ್ಕೆ ದೇಶಗಳು ಕಳಿಸುವ ನಿಯೋಗದಲ್ಲಿ ನಿಮ್ಮಂಥವರೇ ಇರುತ್ತಾರೆ.

ಈಗ ನಿಮ್ಮ ಕೈಯಲ್ಲಿರುವ ಬಂಡವಾಳ ನೋಡಿ. ನಿರ್ದಿಷ್ಟ ಮಿತಿ ಇಡದ ಕೀಟನಾಶಕಗಳಿಗೆ ಯುರೋಪಿಯನ್ ಒಕ್ಕೂಟದಲ್ಲಿ ಕೆಜಿಗೆ 0.01 ಮಿಲಿಗ್ರಾಂ ಅನ್ನುವ ಸಾಮಾನ್ಯ ಮಿತಿ ಇದೆ. ಈ ಅಂಕಿ ನೋಡಿದ ತಕ್ಷಣ ನಿಮಗೆ ಏನು ಹೊಳೆಯುತ್ತದೆ? ಯಂತ್ರ ನಂಬಿಕೆಯಿಂದ ಅಳೆಯಬಲ್ಲ ಕೆಳಗಿನ ಅಂಚಿಗೆ ಇದು ಹತ್ತಿರ ಅಂತ. ಹಾಗಾದರೆ ಈ ಮಿತಿ ಪ್ರತಿಯೊಂದು ಪದಾರ್ಥದ ವಿಷದ ಗುಣ ನೋಡಿ ಇಟ್ಟದ್ದಾ, ಇಲ್ಲಾ ಅಳೆಯಲು ಆಗುವುದನ್ನು ನೋಡಿ ಇಟ್ಟದ್ದಾ? ಎಸ್‌ಪಿಎಸ್ ಸಮಿತಿಯಲ್ಲಿ ಉಳಿಕೆ ಮಿತಿಗಳ ಬಗ್ಗೆ ದೇಶಗಳು ಎತ್ತುವ ತಕರಾರುಗಳಲ್ಲಿ ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಒಬ್ಬ ವಕೀಲರಿಗೆ ಇದನ್ನು ಅರ್ಥ ಮಾಡಿಸಲು ನನಗೆ ಎಷ್ಟೋ ಹೊತ್ತು ಬೇಕಾಗುತ್ತದೆ. ನಿಮಗೆ ವಿವರಿಸುವುದೇ ಬೇಡ.

ಹೀಗೆ ಮಾಡಿ. ಇಪಿಂಗ್ ಅನ್ನುವ ಉಚಿತ ವೆಬ್‌ಸೈಟ್ ಇದೆ. ದೇಶಗಳು ತರಲಿರುವ ಹೊಸ ಆಹಾರ ನಿಯಮಗಳ ನೋಟಿಫಿಕೇಶನ್ ಎಲ್ಲ ಅಲ್ಲಿ ಬರುತ್ತವೆ. ನೀವು ಪರೀಕ್ಷಿಸುವ ಪದಾರ್ಥದ ಹೆಸರು ಹಾಕಿಟ್ಟರೆ ಮೇಲ್ ಬರುತ್ತದೆ. ಕರಡು ನಿಯಮದ ಮೇಲೆ ಅಭಿಪ್ರಾಯ ಹೇಳಲು ಸಾಮಾನ್ಯವಾಗಿ 60 ದಿನ ಸಮಯ ಕೊಡುತ್ತಾರೆ. ಒಂದನ್ನು ಆರಿಸಿಕೊಂಡು ಎರಡು ಪುಟದ ಟಿಪ್ಪಣಿ ಬರೆಯಿರಿ. ಈಗಿನ ಮಿತಿ ಎಷ್ಟು, ಹೊಸದು ಎಷ್ಟು, ಕೋಡೆಕ್ಸ್ ಎಷ್ಟು ಹೇಳುತ್ತದೆ, ಕೊಟ್ಟ ವೈಜ್ಞಾನಿಕ ಕಾರಣ ಸಾಕಾಗುತ್ತದಾ, ರಫ್ತಿಗೆ ಏನು ತೊಂದರೆ. ಇದನ್ನು ನಿಮ್ಮ ದೇಶದ ಎಸ್‌ಪಿಎಸ್ ವಿಚಾರಣಾ ಕೇಂದ್ರಕ್ಕೆ (ಈ ನಿಯಮಗಳ ಬಗ್ಗೆ ಬರುವ ಪ್ರಶ್ನೆಗಳಿಗೆ ಉತ್ತರಿಸುವ ಸರ್ಕಾರಿ ಕಚೇರಿ) ಮತ್ತು ರಫ್ತುದಾರರ ಸಂಘಕ್ಕೆ ಕಳಿಸಿ. ವಿಚಾರಣಾ ಕೇಂದ್ರ ಇರಲೇಬೇಕು ಅಂತ ಒಪ್ಪಂದದಲ್ಲೇ ಇದೆ. ಗಿರಾಕಿಗಳ ಸ್ಯಾಂಪಲ್ ವಿವರ ಮಾತ್ರ ಬಳಸಬೇಡಿ, ಲ್ಯಾಬ್‌ನ ಗೋಪ್ಯತೆಗೆ ಧಕ್ಕೆ ಬರಬಾರದು.

ಮೊದಲ ಟಿಪ್ಪಣಿ ಬರೆದಾದ ಮೇಲೆ ಇಲ್ಲೇ ಹಾಕಿ. ವಿಜ್ಞಾನದ ಭಾಗ ನಾನು ನೋಡುತ್ತೇನೆ, ಒಪ್ಪಂದದ ಭಾಗವನ್ನು ವಕೀಲೆ ಮೇಡಂ ಒಮ್ಮೆ ನೋಡಿಕೊಟ್ಟರೆ ಒಳ್ಳೆಯದು.

ವ್ಯಾಪಾರ ವಿವಾದಗಳ ವಕೀಲೆ

ಖಂಡಿತ ನೋಡಿಕೊಡುತ್ತೇನೆ. ಟಿಪ್ಪಣಿಯಲ್ಲಿ ಒಪ್ಪಂದದ ಯಾವ ವಿಧಿ, ಯಾವ ಪ್ಯಾರಾ ಅಂತ ಪ್ರತಿ ಅಂಶದ ಪಕ್ಕದಲ್ಲೇ ಬರೆದಿಡಿ, ಹುಡುಕುವ ಕೆಲಸ ತಪ್ಪುತ್ತದೆ.